ಗಂಟು ಕರಗಿದ ಮೇಲೂ: ಕ್ಯಾನ್ಸರ್ ಹುಟ್ಟುವ ಬಗೆ, ಕಿಮೋಥೆರಪಿಯ ಲೆಕ್ಕ

(ದತ್ತಿ ಉಪನ್ಯಾಸದ ಲಿಖಿತ ರೂಪ)



ತಾಯಿಯ ನೆನಪಿಗೆ ದತ್ತಿ ಇಟ್ಟು, ವರ್ಷಕ್ಕೊಮ್ಮೆ ಆರೋಗ್ಯದ ಬಗ್ಗೆ ಕನ್ನಡದಲ್ಲಿ ನಾಲ್ಕು ಮಾತು ಆಗಲಿ ಎಂದು ಬಯಸಿದವರಿಗೆ ಮೊದಲು ನನ್ನ ನಮಸ್ಕಾರ. ವಿಷಯದ ಆಯ್ಕೆಯನ್ನು ಸಂಘಟಕರು ನನಗೇ ಬಿಟ್ಟಿದ್ದರು. ಕಿಮೋಥೆರಪಿ ವಾರ್ಡಿನಲ್ಲಿ ರೋಗಿಗಳೂ ಅವರ ಜೊತೆಗೆ ಬಂದವರೂ ನನ್ನನ್ನು ಪದೇ ಪದೇ ಕೇಳುವ ನಾಲ್ಕು ಪ್ರಶ್ನೆಗಳನ್ನೇ ಇವತ್ತು ಎತ್ತಿಕೊಂಡಿದ್ದೇನೆ. ಈ ಕಾಯಿಲೆ ನನಗೇ ಯಾಕೆ ಬಂತು? ರೋಗಕ್ಕೆ ಕೊಟ್ಟ ಔಷಧಿಗೆ ಕೂದಲು ಯಾಕೆ ಉದುರಬೇಕು? ಒಂದೇ ಸಲ ಕೊಟ್ಟು ಮುಗಿಸದೆ ಮೂರು ವಾರಕ್ಕೊಮ್ಮೆ ಯಾಕೆ ಕರೆಸುತ್ತೀರಿ? ಗಂಟು ಕರಗಿ ಹೋದ ಮೇಲೂ ಇನ್ನೂ ನಾಲ್ಕು ಸಲ ಬನ್ನಿ ಎನ್ನುತ್ತೀರಲ್ಲ, ಯಾಕೆ?

ನಾಲ್ಕಕ್ಕೂ ಉತ್ತರ ಒಂದೇ ಸಂಗತಿಯಿಂದ ಹೊರಡುತ್ತದೆ. ಕ್ಯಾನ್ಸರ್ ಹೊರಗಿನಿಂದ ಬಂದ ಜೀವಿಯಲ್ಲ, ಅದು ನಮ್ಮದೇ ಜೀವಕೋಶ. ಈ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾದರೆ ರೋಗ ಹೇಗೆ ಹುಟ್ಟುತ್ತದೆ ಎಂಬುದೂ, ಚಿಕಿತ್ಸೆ ಯಾಕಿಷ್ಟು ಕಷ್ಟ ಎಂಬುದೂ, ಅದನ್ನು ನಡುವೆ ಯಾಕೆ ಬಿಡಬಾರದು ಎಂಬುದೂ ಒಂದರ ಹಿಂದೆ ಒಂದು ತಿಳಿಯುತ್ತ ಹೋಗುತ್ತದೆ.

ನಮ್ಮದೇ ಕೋಶ ದಾರಿ ತಪ್ಪುವುದು

ನಮ್ಮ ಮೈಯಲ್ಲಿ ಲಕ್ಷಾಂತರ ಕೋಟಿ ಜೀವಕೋಶಗಳಿವೆ. ಅವು ಒಂದೇ ತೆರನಾಗಿಲ್ಲ. ಕರುಳಿನ ಒಳಪದರದ ಕೋಶಗಳು ಕೆಲವೇ ದಿನ ಬದುಕಿ ಉದುರುತ್ತವೆ, ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಎಲುಬಿನೊಳಗಿನ ಮಜ್ಜೆ ದಿನವೂ ರಕ್ತಕಣಗಳನ್ನು ಉತ್ಪಾದಿಸುತ್ತಲೇ ಇರುತ್ತದೆ. ಮಿದುಳಿನ ನರಕೋಶಗಳಾದರೋ ಹೆಚ್ಚುಕಡಿಮೆ ವಿಭಜನೆಯನ್ನೇ ನಿಲ್ಲಿಸಿರುತ್ತವೆ. ಯಾವ ಕೋಶ ಎಷ್ಟು ಸಲ ವಿಭಜಿಸಬೇಕು, ಎಲ್ಲಿ ನಿಲ್ಲಬೇಕು, ಕೆಟ್ಟುಹೋದಾಗ ಹೇಗೆ ಸಾಯಬೇಕು ಎಂಬುದನ್ನೆಲ್ಲ ಕೋಶದೊಳಗಿನ ಡಿಎನ್ಎ ನಿರ್ದೇಶಿಸುತ್ತದೆ. ಸುಮಾರು 300 ಕೋಟಿ ಅಕ್ಷರಗಳ ಬರಹ ಅದು. ಅದರ ಒಂದು ಪ್ರತಿ ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ.

ಕೋಶ ಎರಡಾಗುವ ಮೊದಲು ಈ ಬರಹವೆಲ್ಲ ನಕಲಾಗಬೇಕು. ನಕಲಿನಲ್ಲಿ ತಪ್ಪು ನುಸುಳುತ್ತದೆ. ಬಹುಪಾಲು ತಪ್ಪುಗಳನ್ನು ಕೋಶವೇ ತಿದ್ದಿಕೊಳ್ಳುತ್ತದೆ. ತಿದ್ದಲಾಗದಷ್ಟು ಕೆಟ್ಟಾಗ ಆ ಕೋಶ ತಾನೇ ಸಾಯುವ ಏರ್ಪಾಡೂ ಇದೆ. ಹೀಗೆ ಕಾವಲು ಕಾಯುವ ಜೀನ್‌ಗಳಲ್ಲಿ, ಅಂದರೆ ಡಿಎನ್ಎ ಬರಹದ ಭಾಗಗಳಲ್ಲಿ, ಪಿ53 ಎಂಬುದು ಬಹು ಮುಖ್ಯವಾದದ್ದು. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಜೀನ್ ಕೆಟ್ಟಿರುತ್ತದೆ. ಬೆಳೆ ಎನ್ನುವ ಜೀನ್ ಸದಾ ಎಚ್ಚರವಾಗಿಯೇ ಉಳಿದು, ನಿಲ್ಲು ಎನ್ನುವ ಜೀನ್ ಬಾಯಿ ಮುಚ್ಚಿ, ಸಾಯಬೇಕಾದ ಕೋಶ ಸಾಯದೆ ಹೋದರೆ ಕ್ಯಾನ್ಸರ್‌ಗೆ ನೆಲ ಸಿದ್ಧವಾದಂತೆ. ಆಮೇಲೆ ಆ ಕೋಶಗಳು ತಮಗೆ ಬೇಕಾದ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತವೆ, ಪಕ್ಕದ ಅಂಗಾಂಶವನ್ನು ನುಗ್ಗಿ ದಾಟುತ್ತವೆ, ರಕ್ತದಲ್ಲಿ ತೇಲಿ ಶ್ವಾಸಕೋಶಕ್ಕೋ ಲಿವರ್‌ಗೋ ಎಲುಬಿಗೋ ಹೋಗಿ ನೆಲೆಯೂರುತ್ತವೆ. ಇಷ್ಟೆಲ್ಲ ಒಂದು ತಪ್ಪಿನಿಂದ ಆಗುವುದಿಲ್ಲ. ಹಲವು ತಪ್ಪುಗಳು ಒಂದೇ ಕೋಶದ ಸಂತತಿಯಲ್ಲಿ ಒಂದರ ಮೇಲೊಂದು ಕೂಡಿಕೊಳ್ಳಬೇಕು. ಅದಕ್ಕೆ ವರ್ಷಗಳೇ ಬೇಕು. ವಯಸ್ಸಾದಂತೆ ಕ್ಯಾನ್ಸರ್ ಹೆಚ್ಚುವುದಕ್ಕೆ ಇದೇ ಕಾರಣ.

ತಪ್ಪುಗಳು ಕೂಡಿಬರಬೇಕು ಎಂಬ ಮಾತಿಗೆ ಒಳ್ಳೆಯ ಆಧಾರ ಕೊಟ್ಟವರು ಅಮೆರಿಕದ ಆಲ್ಫ್ರೆಡ್ ನಡ್ಸನ್. ಎಳೆಯ ಮಕ್ಕಳ ಕಣ್ಣಿನಲ್ಲಿ ಬರುವ ರೆಟಿನೊಬ್ಲಾಸ್ಟೊಮ ಎಂಬ ಗಡ್ಡೆಯನ್ನು ಅಧ್ಯಯನ ಮಾಡಿ 1971ರಲ್ಲಿ ಅವರು ಹೇಳಿದ್ದು ಇಷ್ಟು: ಕಾವಲಿನ ಜೀನ್‌ಗೆ ಎರಡು ಪ್ರತಿಗಳಿವೆ, ರೋಗ ಬರಲು ಎರಡೂ ಕೆಡಬೇಕು. ಒಂದು ಕೆಟ್ಟ ಪ್ರತಿಯನ್ನು ಹುಟ್ಟಿನಿಂದಲೇ ಪಡೆದ ಮಗುವಿಗೆ ಇನ್ನೊಂದು ಪೆಟ್ಟು ಸಾಕು. ಹಾಗಾಗಿ ಅಂಥ ಮಕ್ಕಳಲ್ಲಿ ರೋಗ ಬೇಗ ಬರುತ್ತದೆ, ಎರಡೂ ಕಣ್ಣಿಗೆ ಬರುವುದುಂಟು. ಹೀಗೆ ವಂಶದಿಂದ ಬರುವ ಕ್ಯಾನ್ಸರ್‌ಗಳು ಒಟ್ಟು ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಾತ್ರ. ಉಳಿದವು ಬದುಕಿನ ದಾರಿಯಲ್ಲಿ ಆದ ಪೆಟ್ಟುಗಳು.

ಪೆಟ್ಟು ಕೊಡುವವು ಯಾವುವು

1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಒಂದು ಸಂಗತಿ ಬರೆದಿಟ್ಟರು. ಮನೆಗಳ ಹೊಗೆಗೂಡು ಗುಡಿಸಲು ಎಳೆಯ ಹುಡುಗರನ್ನು ಒಳಗೆ ಹತ್ತಿಸುತ್ತಿದ್ದರು. ಅವರು ದೊಡ್ಡವರಾದ ಮೇಲೆ ವೃಷಣದ ಚೀಲದ ಚರ್ಮದಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುತ್ತಿತ್ತು. ಮೈಯ ಮಡಿಕೆಗಳಲ್ಲಿ ಕೂತ ಮಸಿಯೇ ಕಾರಣ ಎಂದರು ಪಾಟ್. ಒಂದು ಕಸುಬಿಗೂ ಒಂದು ಕ್ಯಾನ್ಸರ್‌ಗೂ ಇರುವ ನಂಟು ಹೀಗೆ ಮೊದಲು ದಾಖಲಾಯಿತು. 1915ರಲ್ಲಿ ಜಪಾನಿನ ಯಮಗಿವ ಮತ್ತು ಇಚಿಕಾವ ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಟಾರು ಹಚ್ಚಿ ಕ್ಯಾನ್ಸರ್ ಬರಿಸಿ ತೋರಿಸಿದರು. 1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರುವ ಸಂಬಂಧವನ್ನು ಅಂಕಿಗಳಲ್ಲಿ ಮುಂದಿಟ್ಟರು.

ತಂಬಾಕಿನ ಹೊಗೆಯಲ್ಲಿ ಬೆಂಜೋಪೈರೀನ್ ಎಂಬ ರಾಸಾಯನಿಕವಿದೆ. ಇಂಥ ವಸ್ತುವನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಹೊರಹಾಕಲು ದೇಹ ಪ್ರಯತ್ನಿಸುತ್ತದೆ. ಆ ಮಾರ್ಪಾಟಿನ ನಡುವೆಯೇ ಅದು ಡಿಎನ್ಎಗೆ ಅಂಟಿಕೊಳ್ಳುವ ರೂಪ ತಾಳುತ್ತದೆ. ಅಂಟಿದ ಕಡೆ ನಕಲು ತಪ್ಪುತ್ತದೆ. ಧೂಮಪಾನಿಗಳ ಶ್ವಾಸಕೋಶದ ಗಡ್ಡೆಗಳಲ್ಲಿ ಪಿ53 ಜೀನ್ ಯಾವ ಜಾಗಗಳಲ್ಲಿ ಹೆಚ್ಚಾಗಿ ಕೆಟ್ಟಿರುತ್ತದೋ, ಈ ವಸ್ತು ಅಂಟಿಕೊಳ್ಳುವುದೂ ಅದೇ ಜಾಗಗಳಲ್ಲಿ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ನಮ್ಮ ನಾಡಿನ ಮಟ್ಟಿಗೆ ಹೊಗೆಗಿಂತ ಜಗಿಯುವುದರ ಕಥೆ ದೊಡ್ಡದು. ಭಾರತದ ಗಂಡಸರಲ್ಲಿ ಬಾಯಿಯ ಕ್ಯಾನ್ಸರ್ ಮೊದಲ ಸಾಲಿನಲ್ಲಿದೆ. ತಂಬಾಕು ಕಾರಣ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅಡಿಕೆಯ ವಿಷಯಕ್ಕೆ ಬಂದರೆ ಮಾತು ತಡವರಿಸುತ್ತದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಮಲೆನಾಡಿನ, ಕರಾವಳಿಯ ಎಷ್ಟೋ ಮನೆಗಳ ಅನ್ನ ಅದರಿಂದಲೇ ಬರುತ್ತದೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಇರುವುದನ್ನು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನವಿಡೀ ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಳಿಚಿಕೊಳ್ಳುತ್ತದೆ, ಖಾರ ತಾಗಿದರೆ ಉರಿಯುತ್ತದೆ, ಬಾಯಿ ಬರಬರುತ್ತ ಕಿರಿದಾಗುತ್ತದೆ. ನೀವೇ ಪರೀಕ್ಷಿಸಿಕೊಳ್ಳಬಹುದು: ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಟ್ಟುಕೊಳ್ಳಿ. ಆರೋಗ್ಯವಂತರ ಬಾಯಲ್ಲಿ ಅವು ಹಿಡಿಸುತ್ತವೆ. ಗುಟ್ಕಾ ಹಾಕುವ ಹುಡುಗರಲ್ಲಿ ಎರಡು ಬೆರಳೂ ಹೋಗದವರನ್ನು ನಾನು ನೋಡಿದ್ದೇನೆ. ಅವರಿಗೆ ಇನ್ನೂ ಕ್ಯಾನ್ಸರ್ ಬಂದಿಲ್ಲ, ಆದರೆ ಅದರ ದಾರಿಯಲ್ಲಿದ್ದಾರೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆಯ ಚೀಟಿ, ತಂಬಾಕಿನ ಚೀಟಿ ಬೇರೆ ಬೇರೆಯಾಗಿ ಅದೇ ಅಂಗಡಿಯಲ್ಲಿ ಈಗಲೂ ತೂಗುತ್ತವೆ.

ಇನ್ನೊಂದು ಪೆಟ್ಟು ವೈರಸ್‌ಗಳದು. ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತವೆ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್ ತಯಾರಿಸುವ ಒಂದು ಪ್ರೊಟೀನು ಪಿ53 ಕಾವಲನ್ನು ಹಾಳುಗೆಡವಿದರೆ, ಇನ್ನೊಂದು ಪ್ರೊಟೀನು ನಡ್ಸನ್ ಹೇಳಿದ ಆ ರೆಟಿನೊಬ್ಲಾಸ್ಟೊಮ ಜೀನ್‌ನ ಕೆಲಸವನ್ನು ತಡೆಯುತ್ತದೆ. ವರ್ಷಗಟ್ಟಲೆ ಆಗಬೇಕಾದ ಎರಡು ಕೇಡುಗಳನ್ನು ವೈರಸ್ ಒಂದೇ ಏಟಿಗೆ ಮಾಡಿ ಮುಗಿಸುತ್ತದೆ. ಹೆಪಟೈಟಿಸ್ ಬಿ ವೈರಸ್‌ಗೂ ಲಿವರ್ ಕ್ಯಾನ್ಸರ್‌ಗೂ ಇಂಥದೇ ನಂಟಿದೆ. ಎರಡು ವೈರಸ್‌ಗಳಿಗೂ ಲಸಿಕೆಯಿದೆ. ವೈರಸ್ ಅಂಟಬಹುದು, ಕ್ಯಾನ್ಸರ್ ಅಂಟುವುದಿಲ್ಲ. ಕ್ಯಾನ್ಸರ್ ಬಂದವರ ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವುದು ಅನ್ಯಾಯ.

ಇದನ್ನೆಲ್ಲ ಕೇಳಿದ ಮೇಲೂ ಒಬ್ಬ ತಾಯಿ, “ನಾನು ಎಲೆಡಿಕೆ ಮುಟ್ಟಿದವಳಲ್ಲ, ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ, ನನಗೇ ಯಾಕೆ?” ಎಂದು ಕೇಳುತ್ತಾಳೆ. ಅವಳಿಗೆ ಕೊಡಬೇಕಾದ ಉತ್ತರವೂ ಡಿಎನ್ಎಯಲ್ಲೇ ಇದೆ. ಹೊರಗಿನ ಪೆಟ್ಟಿಲ್ಲದೆಯೂ, ಬರೀ ನಕಲು ಮಾಡುವಾಗಲೇ ಆಕಸ್ಮಿಕವಾಗಿ ತಪ್ಪುಗಳಾಗುತ್ತವೆ. ಆ ತಪ್ಪು ಯಾವ ಕೋಶದಲ್ಲಿ, ಯಾವ ಅಕ್ಷರದಲ್ಲಿ ಆಗುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಪಾಪಕ್ಕೂ ಕರ್ಮಕ್ಕೂ ಇಲ್ಲಿ ಕೆಲಸವಿಲ್ಲ. ತಡೆಯಬಹುದಾದದ್ದನ್ನು ತಡೆಯೋಣ, ತಡೆಯಲಾಗದೆ ಬಂದದ್ದಕ್ಕೆ ರೋಗಿಯನ್ನು ಹೊಣೆ ಮಾಡುವುದು ಬೇಡ.

ಮುಂಬೈಯ ರಕ್ತಹೀನತೆಯಿಂದ ಬಾಸ್ಟನ್ನಿನ ಮಕ್ಕಳವರೆಗೆ

ಇನ್ನು ಚಿಕಿತ್ಸೆಗೆ ಬರೋಣ. ಗಡ್ಡೆ ಒಂದೇ ಕಡೆ ಇದ್ದರೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬಹುದು, ಅಥವಾ ನಮ್ಮ ಜನ ಕರೆಂಟು ಕೊಡುವುದು ಎನ್ನುವ ವಿಕಿರಣದಿಂದ ಸುಡಬಹುದು. ರಕ್ತದ ಕ್ಯಾನ್ಸರ್‌ಗೆ ಕತ್ತರಿಸಲು ಜಾಗವೇ ಇಲ್ಲ. ಬೇರೆಡೆಗೆ ಹರಡಿದ ಕೋಶಗಳನ್ನು ಕತ್ತರಿ ಹಿಂಬಾಲಿಸಲಾರದು. ರಕ್ತ ಹೋಗುವಲ್ಲೆಲ್ಲ ಹೋಗುವ ಔಷಧಿ ಬೇಕು, ಅದೇ ಕಿಮೋಥೆರಪಿ. ಅದು ಸಿಕ್ಕಿದ ದಾರಿಯಲ್ಲಿ ಭಾರತದ ಹೆಜ್ಜೆ ಗುರುತುಗಳಿವೆ.

1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಮುಂಬೈಗೆ ಬಂದರು. ಬಟ್ಟೆ ಗಿರಣಿಗಳ ಬಡ ಕಾರ್ಮಿಕ ಹೆಂಗಸರಲ್ಲಿ ಬಸಿರಿನ ಕಾಲಕ್ಕೆ ಕಾಣಿಸಿಕೊಳ್ಳುವ ತೀವ್ರ ರಕ್ತಹೀನತೆ ಅವರ ಅಧ್ಯಯನದ ವಿಷಯ. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ತಿನಿಸು ಕೊಟ್ಟಾಗ ರಕ್ತ ಚೇತರಿಸುತ್ತದೆ ಎಂದು 1931ರಲ್ಲಿ ಅವರು ಪ್ರಕಟಿಸಿದರು. ಅದರೊಳಗಿದ್ದ ಪೋಷಕಾಂಶವೇ ಮುಂದೆ ಫೋಲಿಕ್ ಆಮ್ಲ ಎಂದು ಗೊತ್ತಾಯಿತು. ಇವತ್ತು ಬಸುರಿಯರಿಗೆ ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ತಂದುಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವುದು ಅದೇ.

ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್, ಮದರಾಸಿನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದವರು. ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ಮುಂದಾಳ್ತನದಲ್ಲಿ ಫೋಲಿಕ್ ಆಮ್ಲ ತಯಾರಾಯಿತು. ಬಾಸ್ಟನ್ನಿನಲ್ಲಿ ಮಕ್ಕಳ ರೋಗಗಳನ್ನು ಅಭ್ಯಸಿಸುತ್ತಿದ್ದ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಫೋಲಿಕ್ ಆಮ್ಲದ ಬಗೆಗಳನ್ನು ಕೊಟ್ಟಾಗ ರೋಗ ಇಳಿಯುವ ಬದಲು ಏರುವಂತೆ ಕಂಡಿತು. ಕೋಶ ವಿಭಜಿಸಬೇಕಾದರೆ ಹೊಸ ಡಿಎನ್ಎ ಬೇಕು, ಡಿಎನ್ಎ ಕಟ್ಟಲು ಫೋಲಿಕ್ ಆಮ್ಲ ಬೇಕು. ಹಾಗಾದರೆ ಅದಕ್ಕೆ ಅಡ್ಡಿಯಾಗುವ ವಸ್ತು ಕೊಟ್ಟರೆ? ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲದ ಹಾಗೆಯೇ ಕಾಣುವ, ಆದರೆ ಅದರ ಕೆಲಸ ಮಾಡದ ಅಮೈನಾಪ್ಟೆರಿನ್ ತಯಾರಿಸಿತ್ತು. ಕೋಶದ ಕಿಣ್ವ ಇದನ್ನು ಫೋಲಿಕ್ ಆಮ್ಲವೆಂದೇ ಹಿಡಿದುಕೊಳ್ಳುತ್ತದೆ, ಹಿಡಿದ ಮೇಲೆ ಬಿಡಲಾರದು. ಡಿಎನ್ಎ ಕಟ್ಟುವುದು ಅಲ್ಲಿಗೆ ನಿಲ್ಲುತ್ತದೆ.

1947ರ ಡಿಸೆಂಬರಿನಲ್ಲಿ ಫಾರ್ಬರ್ ಇದನ್ನು ಮಕ್ಕಳಿಗೆ ಕೊಡಲು ಶುರು ಮಾಡಿದರು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯಲ್ಲಿ 16 ಮಕ್ಕಳ ವಿವರವಿದೆ; ಅವರಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ಅಲ್ಲಿಯವರೆಗೆ ಈ ರೋಗ ಬಂದ ಮಗುವನ್ನು ಯಾವ ಔಷಧಿಯೂ ಹೀಗೆ ಎಬ್ಬಿಸಿ ಕೂರಿಸಿರಲಿಲ್ಲ. ಆದರೆ ಆ ಚೇತರಿಕೆ ಕೆಲವು ತಿಂಗಳು ಮಾತ್ರ ಉಳಿಯಿತು. ರೋಗ ಮರಳಿತು. ಸುಬ್ಬರಾವ್ ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. ಅಮೈನಾಪ್ಟೆರಿನ್‌ನ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಇವತ್ತಿಗೂ ನಮ್ಮ ವಾರ್ಡುಗಳಲ್ಲಿ ದಿನಬಳಕೆಯ ಔಷಧಿ.

ಇದೇ ಕಾಲದಲ್ಲಿ ಇನ್ನೊಂದು ದಾರಿ ಯುದ್ಧದಿಂದ ಬಂತು. ಮಸ್ಟರ್ಡ್ ಎಂಬ ವಿಷಾನಿಲ ತಗುಲಿದ ಸೈನಿಕರ ಬಿಳಿ ರಕ್ತಕಣಗಳು ಕುಸಿದುಹೋಗುವುದನ್ನು ವೈದ್ಯರು ಮೊದಲ ಮಹಾಯುದ್ಧದಲ್ಲೇ ಗಮನಿಸಿದ್ದರು. ಅದರ ಹತ್ತಿರದ ನೈಟ್ರೊಜನ್ ಮಸ್ಟರ್ಡನ್ನು ಯೇಲ್ ವಿಶ್ವವಿದ್ಯಾಲಯದ ಗುಡ್‌ಮನ್ ಮತ್ತು ಗಿಲ್‌ಮನ್ ತಂಡ 1942ರಲ್ಲಿ ಲಿಂಫೋಮ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಬಂದ ರೋಗಿಗೆ ಕೊಟ್ಟಿತು. ಯುದ್ಧದ ಗುಟ್ಟೆಂದು ಆ ಫಲಿತಾಂಶ 1946ರವರೆಗೆ ಹೊರಬರಲಿಲ್ಲ. ಸೈಕ್ಲೊಫಾಸ್ಫಮೈಡ್ ಈ ಕುಲದ ಔಷಧಿ. ಡಿಎನ್ಎಯ ಎರಡು ಎಳೆಗಳನ್ನು ಬಿಚ್ಚಲಾಗದಂತೆ ಒಂದಕ್ಕೊಂದು ಬೆಸೆಯುವುದು ಅದರ ಕೆಲಸ.

ಮೂರನೆಯ ದಾರಿ ಗಿಡಗಳದ್ದು. ನಮ್ಮ ಅಂಗಳದ ನಿತ್ಯಪುಷ್ಪದ ಎಲೆಯಿಂದ ಸಕ್ಕರೆ ಕಾಯಿಲೆಗೆ ಮದ್ದು ಸಿಗುತ್ತದೆಯೇ ಎಂದು 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಪರೀಕ್ಷಿಸಿದರು. ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ವಿನ್‌ಬ್ಲಾಸ್ಟಿನ್, ಬೆನ್ನಿಗೇ ವಿನ್‌ಕ್ರಿಸ್ಟಿನ್ ಸಿಕ್ಕಿದ್ದು ಹೀಗೆ. ವಿಭಜಿಸುವ ಕೋಶ ಡಿಎನ್ಎ ಹೊತ್ತ ತನ್ನ ವರ್ಣತಂತುಗಳನ್ನು ಎರಡು ಬದಿಗೆ ಎಳೆಯಲು ಸಣ್ಣ ನಾಳಗಳನ್ನು ಕಟ್ಟಿಕೊಳ್ಳುತ್ತದೆ. ಈ ಔಷಧಿಗಳು ಅವನ್ನು ಕಟ್ಟಲು ಬಿಡುವುದಿಲ್ಲ. ಪಶ್ಚಿಮ ಘಟ್ಟದ ಕಾಡಿನಲ್ಲಿರುವ ನೊಥಾಪೊಡೈಟಿಸ್ ಎಂಬ ಸಣ್ಣ ಮರದಲ್ಲೂ ಕ್ಯಾಂಪ್ಟೊಥೆಸಿನ್ ಎಂಬ ಅಂಶವಿದೆ. ಕರುಳಿನ, ಅಂಡಾಶಯದ ಕ್ಯಾನ್ಸರ್‌ಗಳಿಗೆ ಕೊಡುವ ಎರಡು ಔಷಧಿಗಳ ಮೂಲವಸ್ತು ಅದು. ಅದಕ್ಕಾಗಿ ಮರವನ್ನು ಎಗ್ಗಿಲ್ಲದೆ ಕಡಿದು ಅದರ ಸಂತತಿಯೇ ಕ್ಷೀಣಿಸಿದೆ.

ಹಾಗೆಂದು ನಿತ್ಯಪುಷ್ಪದ ಎಲೆಯನ್ನು ಅರೆದು ಕುಡಿಯಬೇಡಿ. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು, ರೋಗಿಗೆ ಒಂದು ಸಲಕ್ಕೆ ಕೊಡುವುದು ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟುವುದಿಲ್ಲ. ಎಲೆಯಲ್ಲಿ ಎಷ್ಟಿದೆ, ಮೈಗೆ ಎಷ್ಟು ಸೇರಿತು ಎಂಬುದು ಗೊತ್ತಾಗದಿದ್ದರೆ ಅದು ವಿಷ ಮಾತ್ರ.

ಹತ್ತು ಲಕ್ಷ ಕೋಶಗಳು

ಫಾರ್ಬರ್ ಅವರ ಮಕ್ಕಳಿಗೆ ರೋಗ ಮರಳಿದ್ದು ಏಕೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಅಮೆರಿಕದ ಅಲಬಾಮದಲ್ಲಿದ್ದ ಹೊವರ್ಡ್ ಸ್ಕಿಪ್ಪರ್. ಇಲಿಗಳ ರಕ್ತದ ಕ್ಯಾನ್ಸರ್ ಮೇಲೆ ಪ್ರಯೋಗ ಮಾಡಿ 1964ರ ಹೊತ್ತಿಗೆ ಅವರು ಎರಡು ಮಾತು ಸಾಧಿಸಿದರು. ಒಂದು, ಉಳಿದುಕೊಂಡ ಒಂದೇ ಒಂದು ಕ್ಯಾನ್ಸರ್ ಕೋಶವೂ ಇಲಿಯನ್ನು ಕೊಲ್ಲಬಲ್ಲದು. ಎರಡು, ಒಂದು ಡೋಸ್ ಔಷಧಿ ಇಂತಿಷ್ಟು ಕೋಶಗಳನ್ನು ಕೊಲ್ಲುವುದಿಲ್ಲ, ನೂರಕ್ಕೆ ಇಂತಿಷ್ಟು ಎಂಬ ಪ್ರಮಾಣದಲ್ಲಿ ಕೊಲ್ಲುತ್ತದೆ. ಗಡ್ಡೆ ದೊಡ್ಡದಿರಲಿ, ಚಿಕ್ಕದಿರಲಿ, ಆ ಪ್ರಮಾಣ ಅಷ್ಟೇ.

ಈ ಎರಡನೆಯ ಮಾತನ್ನು ಲೆಕ್ಕ ಹಾಕಿ ನೋಡೋಣ. ಒಂದು ಸೆಂಟಿಮೀಟರಿನ ಗಂಟಿನಲ್ಲಿ, ಅಂದರೆ ಸುಮಾರು ಒಂದು ಗ್ರಾಂ ತೂಕದ ಗಂಟಿನಲ್ಲಿ, ಹತ್ತಿರ ಹತ್ತಿರ 100 ಕೋಟಿ ಕೋಶಗಳಿರುತ್ತವೆ. ಕೈಗೆ ಸಿಗುವ ಹೊತ್ತಿಗೆ ಒಂದು ಕೋಶ 30 ಸಲ ಇಮ್ಮಡಿಯಾಗಿರುತ್ತದೆ. ಒಂದು ಸೈಕಲ್ ಕಿಮೋ, ಅಂದರೆ ಒಂದು ಸರದಿಯ ಔಷಧಿ, ನೂರಕ್ಕೆ 99.9ರಷ್ಟು ಕೋಶಗಳನ್ನು ಕೊಲ್ಲುತ್ತದೆ ಎಂದಿಟ್ಟುಕೊಳ್ಳಿ. ಬಲು ಒಳ್ಳೆಯ ಔಷಧಿ. ಉಳಿದವು ಎಷ್ಟು? ಹತ್ತು ಲಕ್ಷ. ಅವುಗಳ ಒಟ್ಟು ತೂಕ ಒಂದು ಮಿಲಿಗ್ರಾಂ, ಒಂದು ರಾಗಿ ಕಾಳಿನ ಅರ್ಧದಷ್ಟೂ ಇಲ್ಲ. ಕೈಗೆ ಸಿಗುವುದಿಲ್ಲ, ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ರೋಗಿಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಗಂಟು ಮಾಯವಾಗಿದೆ.

ಹಾವೇರಿ ಕಡೆಯ ರೈತರೊಬ್ಬರ ಮಗನಿಗೆ ಕುತ್ತಿಗೆಯಲ್ಲಿ ಲಿಂಫೋಮದ ಗಡ್ಡೆಗಳಿದ್ದವು. ಮೊದಲ ಸೈಕಲ್ ಆದ ಮೇಲೆ ಕುತ್ತಿಗೆ ಮೊದಲಿನಂತಾಯಿತು. ಎರಡನೆಯ ಸಲ ಬಂದಾಗ ತಂದೆ ಮಗನ ಅಂಗಿಯ ಕಾಲರನ್ನು ತಾವೇ ಸರಿಸಿ ತೋರಿಸಿದರು. “ಗಂಟು ಪೂರಾ ಕರಗೇತಲ್ರೀ ಸರ, ಇನ್ಯಾಕ್ರೀ ಸೂಜಿ? ಹುಡುಗ ಸೊರಗ್ಯಾನ.” ಚೀಟಿಯ ಹಿಂಬದಿಯಲ್ಲಿ 100 ಕೋಟಿಯನ್ನು ಪೂರ್ತಿ ಅಂಕಿಯಲ್ಲಿ ಬರೆದು ಅವರ ಎದುರೇ ಮೂರು ಸೊನ್ನೆ ಹೊಡೆದು ಹಾಕಿದೆ. ಮೂರು ವಾರದಲ್ಲಿ ಉಳಿದವು ಹತ್ತರಷ್ಟು ಬೆಳೆಯುತ್ತವೆ ಎಂದು ಒಂದು ಸೊನ್ನೆ ಸೇರಿಸಿದೆ. ಎರಡನೆಯ ಸೈಕಲ್ಲಿಗೆ ಮತ್ತೆ ಮೂರು ಸೊನ್ನೆ ಹೋಯಿತು, ಒಂದು ಸೇರಿತು. ಮೂರನೆಯದಾದ ಮೇಲೆ ನೂರು ಉಳಿದು ಸಾವಿರವಾಯಿತು. ನಾಲ್ಕನೆಯದಕ್ಕೆ ಒಂದು ಉಳಿಯಿತು, ಅದೂ ಹತ್ತಾಯಿತು. ಐದನೆಯದಕ್ಕೆ ಹೊಡೆಯಲು ಸೊನ್ನೆ ಸಾಲದೆ ಹೋಯಿತು. ಸಂತೆಯ ಲೆಕ್ಕ ಬಲ್ಲ ಆ ರೈತರು ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಇನ್ನೊಮ್ಮೆ ಎಣಿಸಿದರು. “ಅಂದ್ರ ಈಗ ಬಿಟ್ರ ಒಳಗ ಕೋಟಿ ಅದಾವ.” ಹುಡುಗನ ಚಿಕಿತ್ಸೆ ಮುಗಿಯುವವರೆಗೂ ಒಂದು ತಾರೀಖನ್ನೂ ಅವರು ತಪ್ಪಿಸಲಿಲ್ಲ.

ಇದು ತಿಳಿವಿಗಾಗಿ ಮಾಡಿದ ಸರಳ ಲೆಕ್ಕ ಎಂಬುದನ್ನೂ ಹೇಳಬೇಕು. ಗಟ್ಟಿ ಗಡ್ಡೆಗಳಲ್ಲಿ ಎಲ್ಲ ಕೋಶಗಳೂ ಒಟ್ಟಿಗೆ ವಿಭಜಿಸುವುದಿಲ್ಲ. ವಿಶ್ರಾಂತಿಯಲ್ಲಿದ್ದವು ಔಷಧಿಯಿಂದ ತಪ್ಪಿಸಿಕೊಳ್ಳುತ್ತವೆ. ಎಷ್ಟು ಸೈಕಲ್ ಬೇಕು ಎಂಬುದನ್ನು ಒಂದೊಂದು ರೋಗಕ್ಕೂ ಸಾವಿರಾರು ರೋಗಿಗಳ ಮೇಲಿನ ಅಧ್ಯಯನಗಳಿಂದಲೇ ನಿರ್ಧರಿಸುತ್ತಾರೆ. ಆದರೂ ಕಾಣದೆ ಉಳಿದದ್ದನ್ನೂ ಮುಗಿಸಬೇಕು ಎಂಬ ತತ್ವ ಅದೇ. ಈ ತತ್ವಕ್ಕೆ ಬೆಲೆ ತೆತ್ತವರೂ ಇದ್ದಾರೆ. 1956ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಮಿನ್ ಚಿಯು ಲೀ ಎಂಬ ವೈದ್ಯರು, ಗರ್ಭದ ಮಾಸಿನ ಅಂಗಾಂಶದಲ್ಲಿ ಹುಟ್ಟುವ ಕೊರಿಯೊಕಾರ್ಸಿನೋಮ ಬಂದ ಹೆಂಗಸರಿಗೆ ಮೆಥೊಟ್ರೆಕ್ಸೇಟ್ ಕೊಟ್ಟರು. ಗಡ್ಡೆಗಳು ಮಾಯವಾದವು. ಆದರೆ ಆ ಗಡ್ಡೆ ಸುರಿಸುವ ಎಚ್‌ಸಿಜಿ ಹಾರ್ಮೋನು ಇನ್ನೂ ಸ್ವಲ್ಪ ಉಳಿದಿತ್ತು. ಅದು ಪೂರ್ತಿ ಇಲ್ಲವಾಗುವವರೆಗೆ ಲೀ ಔಷಧಿ ನಿಲ್ಲಿಸಲಿಲ್ಲ. ಇದು ಅತಿಯಾಯಿತೆಂದು ಅವರು ಕೆಲಸವನ್ನೇ ಕಳೆದುಕೊಂಡರು. ಮುಂದೆ ನೋಡಿದರೆ, ಹೀಗೆ ಕೊನೆಯವರೆಗೆ ಚಿಕಿತ್ಸೆ ಪಡೆದ ಹೆಂಗಸರಿಗೆ ರೋಗ ಮರಳಲಿಲ್ಲ. ಗಟ್ಟಿ ಗಡ್ಡೆಯೊಂದು ಔಷಧಿಯಿಂದಲೇ ವಾಸಿಯಾದದ್ದು ಅದೇ ಮೊದಲು.

ಒಂದಕ್ಕಿಂತ ಹೆಚ್ಚು ಔಷಧಿ, ಇಪ್ಪತ್ತೊಂದು ದಿನ

ತಪ್ಪುಗಳಿಂದ ಹುಟ್ಟಿದ ಕೋಶ ಬೆಳೆಯುತ್ತ ಇನ್ನಷ್ಟು ತಪ್ಪುಗಳನ್ನು ಮಾಡಿಕೊಳ್ಳುತ್ತದೆ. ಅವುಗಳಲ್ಲಿ ಕೆಲವು ಔಷಧಿಯನ್ನು ಸೋಲಿಸುವಂಥವು. ಹತ್ತು ಲಕ್ಷಕ್ಕೊಂದು ಕೋಶ ಒಂದು ಔಷಧಿಗೆ ಬಗ್ಗುವುದಿಲ್ಲ ಎಂದುಕೊಂಡರೆ 100 ಕೋಟಿಯಲ್ಲಿ ಅಂಥವು ಸಾವಿರ ಇರುತ್ತವೆ. ಬೇರೆ ದಾರಿಯಲ್ಲಿ ಕೆಲಸ ಮಾಡುವ ಎರಡನೆಯ ಔಷಧಿಯನ್ನೂ ಜೊತೆಗೆ ಕೊಟ್ಟರೆ ಎರಡಕ್ಕೂ ಬಗ್ಗದ ಕೋಶ ಇರುವ ಸಂಭವ ತೀರ ಕಡಿಮೆಯಾಗುತ್ತದೆ. ಕ್ಷಯಕ್ಕೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವುದೂ ಇದೇ ಕಾರಣಕ್ಕೆ. 1960ರ ದಶಕದ ಮೊದಲಲ್ಲಿ ಫ್ರೈ ಮತ್ತು ಫ್ರೈರೈಕ್ ಎಂಬ ವೈದ್ಯರು ಮಕ್ಕಳ ರಕ್ತದ ಕ್ಯಾನ್ಸರ್‌ಗೆ ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಟ್ಟರು. ಅವುಗಳಲ್ಲಿ ಸುಬ್ಬರಾವ್ ಅವರ ಪ್ರಯೋಗಾಲಯದಿಂದ ಬಂದ ಮೆಥೊಟ್ರೆಕ್ಸೇಟ್ ಇತ್ತು, ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್ ಇತ್ತು. ಫಾರ್ಬರ್ ಕಾಲದಲ್ಲಿ ಕೆಲವೇ ತಿಂಗಳ ಆಯುಸ್ಸು ಕೊಟ್ಟಿದ್ದ ರೋಗದಿಂದ ಇಂದು, ಚಿಕಿತ್ಸೆ ಪೂರ್ತಿ ಸಿಗುವ ದೇಶಗಳಲ್ಲಿ, ನೂರಕ್ಕೆ 85ಕ್ಕಿಂತ ಹೆಚ್ಚು ಮಕ್ಕಳು ವಾಸಿಯಾಗುತ್ತಾರೆ.

ಇಷ್ಟು ಬಲವಾದ ಔಷಧಿಗಳನ್ನು ಒಂದೇ ಸಲ ಯಾಕೆ ಕೊಡುವುದಿಲ್ಲ? ಅಲ್ಲಿಗೆ ನನ್ನ ಮೊದಲ ಮಾತಿಗೆ ಬರುತ್ತೇವೆ. ಬ್ಯಾಕ್ಟೀರಿಯ ನಮ್ಮಿಂದ ಬಹು ದೂರದ ಜೀವಿ. ಪೆನಿಸಿಲಿನ್ ಅದರ ಗೋಡೆಯನ್ನು ಒಡೆಯುತ್ತದೆ, ನಮ್ಮ ಕೋಶಕ್ಕೆ ಅಂಥ ಗೋಡೆಯೇ ಇಲ್ಲ. ಕ್ಯಾನ್ಸರ್ ನಮ್ಮದೇ ಕೋಶವಾದ್ದರಿಂದ ಗುರಿಯಿಡಲು ಅಂಥ ವ್ಯತ್ಯಾಸ ಸುಲಭವಾಗಿ ಸಿಗುವುದಿಲ್ಲ. ವಿಭಜಿಸುವ ಕೋಶಕ್ಕೆ ಔಷಧಿ ಹೊಡೆಯುತ್ತದೆ, ಅದು ಯಾವ ಕೋಶ ಎಂದು ಕೇಳುವುದಿಲ್ಲ. ತಲೆಗೂದಲ ಬುಡಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಸದಾ ಬೆಳೆಯುತ್ತಿರುತ್ತವೆ, ಹಾಗಾಗಿ ಎರಡು-ಮೂರು ವಾರಕ್ಕೆ ಕೂದಲು ದಿಂಬಿಗೆ ಉದುರುತ್ತದೆ. ಬಾಯಿ, ಕರುಳಿನ ಒಳಪದರ ಹುಣ್ಣಾಗುತ್ತದೆ. ಮಜ್ಜೆಯಲ್ಲಿ ರಕ್ತಕಣಗಳ ತಯಾರಿ ತಗ್ಗುತ್ತದೆ. ಒಂದೊಂದು ಔಷಧಿಗೂ ಅದರದೇ ಆದ ತೊಂದರೆಗಳೂ ಇವೆ: ವಿನ್‌ಕ್ರಿಸ್ಟಿನ್‌ನಿಂದ ಬೆರಳ ತುದಿ ಜೋಮು ಹಿಡಿಯುತ್ತದೆ, ಸಿಸ್‌ಪ್ಲಾಟಿನ್ ಎಂಬ ಔಷಧಿ ಕೊಡುವಾಗ ಕಿಡ್ನಿಯನ್ನು ಕಾಯಲು ಸಾಕಷ್ಟು ಸಲೈನ್ ಹರಿಸಬೇಕು, ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಹೃದಯಕ್ಕೆ ಭಾರವಾದ್ದರಿಂದ ಜೀವಮಾನದಲ್ಲಿ ಇಷ್ಟೇ ಎಂಬ ಮಿತಿಯಿದೆ. ಅದನ್ನು ಪಡೆದ ದಿನ ಮೂತ್ರ ಕೆಂಪಾಗುತ್ತದೆ, ರಕ್ತವಲ್ಲ, ಅದು ಔಷಧಿಯ ಬಣ್ಣ.

ನಮ್ಮ ಆರೋಗ್ಯವಂತ ಕೋಶಗಳಿಗೆ ಒಂದು ಅನುಕೂಲ ಇದೆ: ಅವು ಬೇಗ ಚೇತರಿಸಿಕೊಳ್ಳುತ್ತವೆ. ಕಿಮೋ ಕೊಟ್ಟ ಮೇಲೆ ಬಿಳಿ ರಕ್ತಕಣಗಳ ಎಣಿಕೆ ಒಂದರಿಂದ ಎರಡು ವಾರದ ನಡುವೆ ಕೆಳಗೆ ತಲುಪಿ, ಮೂರನೆಯ ವಾರದ ಹೊತ್ತಿಗೆ ಮೇಲೇರುತ್ತದೆ. ಕ್ಯಾನ್ಸರ್ ಕೋಶ ಅಷ್ಟು ಬೇಗ ಚೇತರಿಸಿಕೊಳ್ಳದು. ಈ ಎರಡರ ನಡುವಿನ ಅಂತರವನ್ನೇ ಕಿಮೋಥೆರಪಿ ಬಳಸಿಕೊಳ್ಳುತ್ತದೆ. ಹಲವು ಚಿಕಿತ್ಸೆಗಳಲ್ಲಿ 21 ದಿನಕ್ಕೊಮ್ಮೆ ಕರೆಯುವುದು ಇದಕ್ಕೆ. ಅದಕ್ಕೂ ಮೊದಲು ಕೊಟ್ಟರೆ ಮಜ್ಜೆ ತಡೆಯದು, ವಾರಗಟ್ಟಲೆ ತಡ ಮಾಡಿದರೆ ಅಳಿಸಿದ ಸೊನ್ನೆಗಳು ಮರಳಿ ಬರುತ್ತವೆ. ಕೂದಲೂ ಬಾಯಿಯ ಹುಣ್ಣೂ ಹೀಗೆಯೇ, ಹೋದದ್ದು ಬರುತ್ತದೆ.

ಎರಡನೆಯ ವಾರದಲ್ಲಿ ಒಂದು ಎಚ್ಚರ ಬೇಕು. ಬಿಳಿ ಕಣಗಳು ತಗ್ಗಿದಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ಅದು ತುರ್ತು ಸ್ಥಿತಿ. ಜ್ವರದ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬಾರದು. ರಾತ್ರಿಯಾಗಿದ್ದರೂ ಸರಿ, ಹತ್ತಿರದ ಆಸ್ಪತ್ರೆಗೆ ಹೋಗಿ ಕಿಮೋ ಆಗಿ ಇಷ್ಟು ದಿನವಾಯಿತು ಎಂದು ಮೊದಲು ಹೇಳಬೇಕು.

ಗುರಿಯಿಡಲು ವ್ಯತ್ಯಾಸ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಒಂದು ಬಗೆಯ ದೀರ್ಘಕಾಲದ ರಕ್ತದ ಕ್ಯಾನ್ಸರ್‌ನಲ್ಲಿ ವರ್ಣತಂತುವೊಂದು ವಿಚಿತ್ರವಾಗಿ ಕಿರಿದಾಗಿರುವುದನ್ನು 1960ರಲ್ಲಿ ಫಿಲಡೆಲ್ಫಿಯದಲ್ಲಿ ಕಂಡರು. ಎರಡು ವರ್ಣತಂತುಗಳು ತುಂಡು ಬದಲಿಸಿಕೊಂಡದ್ದೇ ಕಾರಣ ಎಂದು 1973ರಲ್ಲಿ ಜ್ಯಾನೆಟ್ ರೌಲಿ ತೋರಿಸಿದರು. ಆ ಅದಲುಬದಲಿನಿಂದ ಹುಟ್ಟಿದ ಪ್ರೊಟೀನನ್ನು ಗುರಿಯಿಟ್ಟು ತಡೆಯುವ ಇಮ್ಯಾಟಿನಿಬ್ ಮಾತ್ರೆ 2001ರಲ್ಲಿ ಬಂತು. ದಿನಕ್ಕೊಂದು ಡೋಸ್ ನುಂಗುತ್ತ ಜನ ವರ್ಷಗಟ್ಟಲೆ ಕೆಲಸ ಮಾಡಿಕೊಂಡಿದ್ದಾರೆ. ಅದರ ಪೇಟೆಂಟ್ ಬೇಡಿಕೆಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿದ್ದರಿಂದ ಇಲ್ಲಿ ತಯಾರಾದ ಮಾತ್ರೆ ಬಡವರಿಗೂ ನಿಲುಕುವಂತೆ ಉಳಿಯಿತು. ಆದರೆ ಎಲ್ಲ ಕ್ಯಾನ್ಸರ್‌ಗಳೂ ಹೀಗೆ ಒಂದೇ ತಪ್ಪಿನ ಮೇಲೆ ನಿಂತಿಲ್ಲ. ಬಹುಪಾಲು ರೋಗಿಗಳಿಗೆ ಕಿಮೋ ಇನ್ನೂ ಬೇಕು. ಕೆಲವರಿಗೆ ಅದು ವಾಸಿ ಮಾಡುತ್ತದೆ, ಕೆಲವರಿಗೆ ಶಸ್ತ್ರಚಿಕಿತ್ಸೆಯ ಹಿಂದೆ ಮುಂದೆ ಒತ್ತಾಸೆಯಾಗುತ್ತದೆ, ಕೆಲವರಿಗೆ ನೋವು ಇಳಿಸಿ ಒಂದಷ್ಟು ಕಾಲ ಕೊಡುತ್ತದೆ. ನಿಮ್ಮವರಿಗೆ ಯಾವುದು ಎಂದು ಮೊದಲ ದಿನವೇ ವೈದ್ಯರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

ಈ ಸಭೆಯಿಂದ ಹೊರಡುವಾಗ

ಬಂಧುಗಳೇ, ನಿಮ್ಮಲ್ಲಿ ನನ್ನ ಕೋರಿಕೆಗಳು ಕೆಲವೇ. ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆ ಕೊಡಿಸಿ. 2023ರಿಂದ ನಮ್ಮ ದೇಶದಲ್ಲೇ ತಯಾರಾದ ಲಸಿಕೆ ಸಿಗುತ್ತಿದೆ. ಜಗಿಯುವ, ಸೇದುವ ಅಭ್ಯಾಸವಿದ್ದವರ ಬಾಯಿಯನ್ನು ವರ್ಷಕ್ಕೊಮ್ಮೆಯಾದರೂ ತೋರಿಸಿ. ತಿರುವನಂತಪುರದ ಸುತ್ತ 1996ರಿಂದ ನಡೆದ ದೊಡ್ಡ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬಾಯಿ ನೋಡಿದಷ್ಟರಿಂದಲೇ ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ನೂರಕ್ಕೆ 34ರಷ್ಟು ತಗ್ಗಿತು. ಸೂಜಿ ತಾಗಿಸಿದರೆ ಹರಡುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ, ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ಬಯಾಪ್ಸಿ ಇಲ್ಲದೆ ಚಿಕಿತ್ಸೆ ಶುರುವಾಗುವುದಿಲ್ಲ. ದುಡ್ಡಿಲ್ಲವೆಂದು ಮನೆಯಲ್ಲೇ ಕೂರಬೇಡಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಈ ನಾಡಿನ ಬಡರೋಗಿಗಳಿಗೆ ಆಸರೆಯಾಗಿದೆ. ಕಿಮೋಗಾಗಿ ಪ್ರತಿ ಸಲವೂ ರಾತ್ರಿ ಬಸ್ಸು ಹಿಡಿಯುವುದು ತಪ್ಪಲಿ ಎಂದು ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕೇಂದ್ರಗಳೂ ಶುರುವಾಗಿವೆ.

ಚಿಕಿತ್ಸೆಯನ್ನು ನಡುವೆ ಬಿಟ್ಟವರನ್ನು ಬೈಯುವುದು ಸುಲಭ. ಅವರಿಗೆ ಯಾರೂ ಕಾರಣ ಹೇಳಿರುವುದಿಲ್ಲ. ಓದದವರಿಗೆ ಅರ್ಥವಾಗದು ಎಂದು ವೈದ್ಯರಾದ ನಾವು ಎಷ್ಟೋ ಸಲ ಊಹಿಸಿಬಿಡುತ್ತೇವೆ. ಬಡ್ಡಿ, ಬೀಜ, ಇಳುವರಿಗಳ ಲೆಕ್ಕದಲ್ಲಿ ಬದುಕಿದವರಿಗೆ ಸೊನ್ನೆಗಳ ಲೆಕ್ಕ ಚೆನ್ನಾಗಿಯೇ ತಿಳಿಯುತ್ತದೆ. ನಾಳೆ ನಿಮ್ಮ ಬೀದಿಯಲ್ಲಿ ಯಾರಾದರೂ ಎರಡು ಸೈಕಲ್ ಮುಗಿಸಿ, ಗಂಟು ಹೋಯಿತಲ್ಲ, ಇನ್ನು ಸಾಕು ಎಂದರೆ ಅವರ ಪಕ್ಕದಲ್ಲಿ ಕೂತು ಒಂದು ಚೀಟಿಯ ಮೇಲೆ ಈ ಲೆಕ್ಕ ಮಾಡಿ ತೋರಿಸಿ. ಮುಂದಿನ ತಾರೀಖಿಗೆ ಜೊತೆಗೆ ಹೋಗುವವರು ಇಲ್ಲದಿದ್ದರೆ ನೀವೇ ಹೋಗಿ. ಈ ದತ್ತಿಯ ಉದ್ದೇಶ ಸಫಲವಾಗುವುದು ಅಲ್ಲಿ.